ಹ್ಞೂಂ ಅಂದದ್ದು ಯಾರು

ಕಿವಿಗೆ ಸಿಕ್ಕಿಸಿಕೊಳ್ಳುವ ಆ ಬ್ಲೂಟೂತನ್ನು ಅಪ್ಪನಿಗೆ ತಂದುಕೊಟ್ಟವಳು ನಾನು. ಹಾಗಂತ ಮುಂದೆ ಆದದ್ದಕ್ಕೆಲ್ಲ ನಾನೇ ಕಾರಣ ಅಂತ ಎದೆ ಬಡಿದುಕೊಳ್ಳುವ ಜಾಯಮಾನ ನನ್ನದಲ್ಲ. ವಸ್ತು ಚೆನ್ನಾಗಿಯೇ ಇತ್ತು. ಕೆಟ್ಟದ್ದು ಏನಿದ್ದರೂ ನಮ್ಮ ಮನೆಯವರ ಗುಟ್ಟು ಮಾಡುವ ಚಟ. ಬೆಳಿಗ್ಗೆ ಹಾಲು ಒಡೆದರೂ ಅದನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಅಂತ ಪಿಸಪಿಸ ಮಾಡುವ ಮನೆ ಅದು.

ಯಲ್ಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಎಸ್.ಟಿ.ಡಿ. ಬೂತು ಇತ್ತು, ನನ್ನದು ಮತ್ತು ನನ್ನ ಗಂಡನದು. ತೊಂಬತ್ತರ ದಶಕದಲ್ಲಿ ಜನ ಗಾಜಿನ ಗೂಡಿನೊಳಗೆ ನಿಂತು ಇಡೀ ಪೇಟೆಗೆ ಕೇಳುವ ಹಾಗೆ ಕೂಗಿ ಮಾತಾಡಿ, ಹೊರಗೆ ಬಂದು ಮೀಟರು ನೋಡಿ, ತಾವು ಅಷ್ಟೊತ್ತು ಮಾತೇ ಆಡಿಲ್ಲ ಅಂತ ನನ್ನ ಹತ್ತಿರ ಜಗಳ ಮಾಡುತ್ತಿದ್ದರು. ಮೊಬೈಲು ಬಂದ ಮೇಲೆ ಆ ಗೂಡಿನಲ್ಲಿ ಕವರು, ಚಾರ್ಜರು ತೂಗುಹಾಕಿ ಸಿಮ್ಮು, ಕರೆನ್ಸಿ ಮಾರತೊಡಗಿದೆವು. ಬ್ಲೂಟೂತು ಬಂದದ್ದು ಅದಾಗಿ ಸುಮಾರು ದಿನಕ್ಕೆ. ಹುಬ್ಬಳ್ಳಿಯಿಂದ ಮಾಲು ತರುವಾಗ ನನ್ನ ಗಂಡ ಒಂದೆರಡು ತಂದಿದ್ದ. ಕೊಳ್ಳುವವರು ಯಾರೂ ಇರಲಿಲ್ಲ. ಕೈಯಲ್ಲಿ ಹಿಡಿದು ಮಾತಾಡಲು ಏನು ಧಾಡಿ ಅಂತ ಕೇಳಿ ಹೋಗುತ್ತಿದ್ದರು. ಅದರ ನಿಜವಾದ ಉಪಯೋಗ ನನಗೆ ಹೊಳೆದದ್ದು ತೌರುಮನೆಗೆ ಹೋದಾಗ.

ತೌರುಮನೆ ಸಿದ್ದಾಪುರ ತಾಲೂಕಿನ ಒಂದು ಮೂಲೆಯಲ್ಲಿ. ಅಪ್ಪ ಟೆಲಿಫೋನ್ ಇಲಾಖೆಯ ಲೈನ್‌ಮನ್ ಆಗಿ ರಿಟೈರಾದವನು. ಅವನು ಇರುವಷ್ಟು ಕಾಲ ನಮ್ಮ ಕಡೆಯ ಲೈನು ಸತ್ತರೂ ಸಂಜೆಯೊಳಗೆ ಜೀವ ಬರುತ್ತಿತ್ತು. ಅವನು ರಿಟೈರಾದ ಮೇಲೆ ನಮ್ಮ ಮನೆಯ ಫೋನೇ ಸತ್ತು ಮಲಗಿತು. ದೂರು ಕೊಟ್ಟು ಕೊಟ್ಟು ಸಾಕಾಗಿ, ಒಂದು ದಿನ ಆ ಡಬ್ಬಿಯನ್ನು ತೆಗೆದು ಅಟ್ಟಕ್ಕೆಸೆದು ಮೊಬೈಲು ತಗೊಂಡ. ಆದರೆ ಮನೆಯೊಳಗೆ ರೇಂಜಿಲ್ಲ. ಜಗುಲಿಯಲ್ಲಿ ಇಲ್ಲ, ಅಂಗಳದಲ್ಲಿ ಇಲ್ಲ. ಅಪ್ಪ ಬಿಡುವ ಆಸಾಮಿಯೇ? ಮೊಬೈಲು ಹಿಡಿದುಕೊಂಡು ಕೊಟ್ಟಿಗೆಯ ಮಾಡು, ನೀರಿನ ಟ್ಯಾಂಕಿಯ ಕಟ್ಟೆ ಎಲ್ಲ ಹತ್ತಿ ನೋಡಿ, ಕೊನೆಗೆ ಅಂಗಳದಂಚಿನ ಮಾವಿನ ಮರದಲ್ಲಿ, ಮೊದಲ ಕವಲಿಗಿಂತ ಸ್ವಲ್ಪ ಮೇಲೆ, ಜಾಗ ಕಂಡುಹಿಡಿದ. ಅಲ್ಲೊಂದು ತಗಡಿನ ಡಬ್ಬ ಕಟ್ಟಿ ಅದರೊಳಗೆ ಫೋನಿಟ್ಟ. ತಗಡಿನೊಳಗೆ ಇದ್ದ ರೇಂಜೂ ಹೋಯಿತು. ಆಯಿ, ಅಂದರೆ ನಮ್ಮಮ್ಮ, ನಕ್ಕಿದ್ದೇ ನಕ್ಕಿದ್ದು. ಆಮೇಲೆ ಪ್ಲಾಸ್ಟಿಕ್ ಡಬ್ಬ ಕಟ್ಟಿ, ಬಿದಿರೇಣಿ ಒರಗಿಸಿದ. ಫೋನು ಹೊಡಕೊಂಡರೆ ಏಣಿ ಹತ್ತಬೇಕು. ಅಪ್ಪ ಹತ್ತಿ ಮುಟ್ಟುವುದರೊಳಗೆ ಅದು ಸುಮ್ಮನಾಗುತ್ತಿತ್ತು, ಅವನು ಫೋನಿಗೆ ಬೈಯುತ್ತ ಇಳಿಯುತ್ತಿದ್ದ, ಮಧ್ಯದಲ್ಲಿ ಚಗಳಿ ಇರುವೆ ಕಚ್ಚಿದ್ದಕ್ಕೆ ಮತ್ತಷ್ಟು.

ಅದನ್ನು ನೋಡಿ ನಾನು ಬ್ಲೂಟೂತು ತಂದುಕೊಟ್ಟೆ. ಫೋನು ಮರದಲ್ಲಿ, ಮಾತು ಕಿವಿಯಲ್ಲಿ. ಕಿವಿಯ ಹಿಂದೆ ಸಿಕ್ಕಿಸಿಕೊಂಡು ಒಂದು ಗುಂಡಿ ಒತ್ತಿದರೆ ಆಯಿತು, ಜಗುಲಿಯಲ್ಲಿ ಕೂತು ಮಾತಾಡಬಹುದು. ಬಾವಿಕಟ್ಟೆಯವರೆಗೆ ಸ್ಪಷ್ಟ. ಅದರಾಚೆ ಹೋದರೆ ಕರಕರ ಅಂದು ಕಡಿದುಹೋಗುತ್ತಿತ್ತು. ಅಪ್ಪ ಅದನ್ನು ಮೀಸೆಯ ಹಾಗೆ ಹೆಮ್ಮೆಯಿಂದ ಹಾಕಿಕೊಂಡು ಓಡಾಡಿದ. ಹೆಚ್ಚುಕಡಿಮೆ ಮನೆಯ ಎಲ್ಲರೂ ಅದನ್ನು ಹಾಕಿಕೊಂಡರು. ಯಾರ ಕೈಗೆ ಸಿಕ್ಕಿತೋ ಅವರ ಕಿವಿಗೆ. ಒಂದು ಮಾತ್ರ ತೊಂದರೆ. ಯಾರು ಫೋನು ಮಾಡಿದ್ದಾರೆ ಅಂತ ನೋಡಲು ಹೆಸರು ಬರುವ ಪರದೆ ಮರದ ಮೇಲಿತ್ತು. ಫೋನು ಮಾಡಿದವರಿಗೂ ಎತ್ತಿದವರು ಯಾರು ಅಂತ ಮಾತಾಡಿದ ಮೇಲೆಯೇ ಗೊತ್ತಾಗುವುದು.

ಅಪ್ಪನಿಗೆ ಮಾತು ಅಂದರೆ ಜೀವ. ಊಟಕ್ಕೆ ಕರೆದರೆ ಮಾತು ಮುಗಿಸಿ ಬರುತ್ತೇನೆ ಅನ್ನುವವನು. ಅಷ್ಟೇ ಜೀವ ಕವಳದ ಮೇಲೂ. ಎಲೆ, ಅಡಿಕೆ, ಸುಣ್ಣ, ತಂಬಾಕು ಹಾಕಿ ಬಾಯಿ ತುಂಬಿಕೊಂಡರೆ ಹ್ಞೂಂ ಅನ್ನುವುದೊಂದೇ ಉತ್ತರ. ಆಯಿಯೂ ಹಾಗೆಯೇ. ಇಬ್ಬರೂ ಜಗುಲಿಯಲ್ಲಿ ಕೂತು ಹ್ಞೂಂ, ಹ್ಞೂಂ ಅಂತ ಗಂಟೆಗಟ್ಟಲೆ ಸಂಸಾರ ನಡೆಸಿದ್ದನ್ನು ನೋಡಿ ಬೆಳೆದವರು ನಾವು. ಆ ವರ್ಷ ದೀಪಾವಳಿಯ ಹೊತ್ತಿಗೆ ಅಪ್ಪನ ನಾಲಿಗೆಯ ಬದಿಗೆ ಒಂದು ಹುಣ್ಣಾಯಿತು. ಖಾರ ತಿಂದರೆ ಉರಿ ಅಂದ. ಮಜ್ಜಿಗೆ ಕುಡಿದ, ಜೇನುತುಪ್ಪ ಹಚ್ಚಿದ, ಬಸಳೆ ಸೊಪ್ಪು ಅಗಿದ. ಮಾಗಿಚಳಿ ಮುಗಿದರೂ ಹುಣ್ಣು ಮುಗಿಯಲಿಲ್ಲ. ಶಿರಸಿಯ ಡಾಕ್ಟರು ಬಾಯಿಗೆ ಟಾರ್ಚು ಬಿಟ್ಟು ನೋಡಿ, ಏನೂ ಹೇಳದೆ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕವಳ ಇವತ್ತೇ ಬಿಡಬೇಕು ಅಂದರು. ಅಪ್ಪ ಅಲ್ಲೇ, ಅವರೆದುರೇ, ಎಲೆಅಡಿಕೆ ಇಟ್ಟುಕೊಳ್ಳುವ ಚಂಚಿಯನ್ನು ಅಣ್ಣನ ಕೈಗೆ ಕೊಟ್ಟ. ಅದನ್ನು ಅಷ್ಟು ಹಗುರವಾಗಿ ಕೊಟ್ಟದ್ದು ನೋಡಿಯೇ ನನಗೆ ಹೆದರಿಕೆ ಆಯಿತು.

ಹೆದರಿಕೆಗೆ ಕಾರಣ ಇತ್ತು. ಅದಕ್ಕೆ ಕೆಲವು ವರ್ಷ ಮೊದಲು ಅಪ್ಪನ ಸೋದರಮಾವನಿಗೆ ಗಂಟಲಿನ ಆಪರೇಶನ್ ಆಗಿ ಮಾತು ಹೋಗಿತ್ತು. ನೋಡಿಕೊಂಡು ಬಂದ ದಿನ ಅಪ್ಪ ಊಟ ಮಾಡಲಿಲ್ಲ. ಆ ಮನುಷ್ಯ ಏನೋ ಹೇಳಲು ಹೋಗಿ ಹೇಳಲಾಗದೆ ಕೈ ಬಡಿದುಕೊಳ್ಳುತ್ತಿದ್ದರಂತೆ. ತನಗೇನಾದರೂ ಹಾಗಾದರೆ ಕತ್ತರಿ ಮುಟ್ಟಿಸಿಕೊಳ್ಳುವುದಿಲ್ಲ, ಇರುವಷ್ಟು ದಿನ ಮಾತಾಡಿಕೊಂಡು ಇದ್ದು ಹೋಗುತ್ತೇನೆ ಅಂತ ಅಪ್ಪ ನಮ್ಮೆಲ್ಲರ ಎದುರು ಹೇಳಿದ್ದ. ಅವನು ಒಂದು ಮಾತು ಹೇಳಿದರೆ ಮುಗಿಯಿತು, ಹಿಡಿದ ಹಟ ಬಿಟ್ಟ ದಾಖಲೆ ಇಲ್ಲ.

ರಿಪೋರ್ಟು ಬಂದಿದೆ ಅಂತ ಶಿರಸಿಯಿಂದ ತಿಳಿದ ದಿನ ಅಣ್ಣ ಮತ್ತು ನಾನು ಹೋದೆವು. ಅವನು ಸಿದ್ದಾಪುರದ ಕಡೆಯಿಂದ, ನಾನು ಯಲ್ಲಾಪುರದ ಬಸ್ಸಿನಲ್ಲಿ. ಅಣ್ಣ ಸೊಸೈಟಿಯಲ್ಲಿ ಕಾರಕೂನ. ನೋಡಲು ಆನೆಯಂಥ ಆಳು, ಒಳಗೆ ಹೂವಿಗಿಂತ ಮೆದು. ನಾಯಿ ಸತ್ತರೆ ಎರಡು ದಿನ ಕೆಲಸಕ್ಕೆ ಹೋಗುವವನಲ್ಲ. ಆಗ ಬಾಣಂತನಕ್ಕೆ ತೌರಿನಲ್ಲಿದ್ದ ಅತ್ತಿಗೆಗೆ ಒಂದು ಸಲ ಜ್ವರ ಬಂದರೆ ಇವನು ಇಲ್ಲಿ ಮಲಗಿದ್ದ. ಡಾಕ್ಟರು ಹೇಳುವುದನ್ನು ಕೇಳುವಾಗ ಅವನು ಕುರ್ಚಿಯ ಕೈ ಹಿಡಿದುಕೊಂಡಿದ್ದ. ನಾನು ಡಾಕ್ಟರರ ಬಾಯಿಯನ್ನೇ ನೋಡುತ್ತಿದ್ದೆ. ಕ್ಯಾನ್ಸರು. ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿಸಬೇಕು, ತಡ ಮಾಡಬಾರದು. ಮಾಡಿಸಿದರೆ ಬದುಕುವ ಆಸೆ ಇದೆ, ಮಾಡಿಸದಿದ್ದರೆ ಮುಂದಿನ ಮಾವಿನಕಾಯಿ ಕಾಣುವುದು ಕಷ್ಟ. ನಾಲಿಗೆಯ ಬಹುಭಾಗ ಹೋಗುತ್ತದೆ, ದವಡೆಯ ಒಂದು ತುಂಡು ಹೋಗುತ್ತದೆ. ಮಾತು? ಅಂತ ನಾನು ಕೇಳಿದೆ. ಮಾತನ್ನು ಮರೆತುಬಿಡಿ ಅಂದರು.

ಮೆಟ್ಟಿಲಿಳಿದು ಬಂದ ಮೇಲೆ ಅಣ್ಣನಿಗೂ ನನಗೂ ರಸ್ತೆಯ ಮೇಲೇ ಜಗಳ. ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳೋಣ, ನಾಲಿಗೆ ಅವನದು ಅಂದೆ ನಾನು. ಹೇಳಿದರೆ ಅವನು ಬರುವುದಿಲ್ಲ, ಬರದಿದ್ದರೆ ಸಾಯುತ್ತಾನೆ, ನಿನಗದು ಬೇಕಾ ಅಂತ ಅಣ್ಣ. ಸಣ್ಣ ಗಡ್ಡೆ, ತೆಗೆಸಿ ಬರೋಣ ಅಂತ ಹೇಳಿ ಕರೆದುಕೊಂಡು ಹೋಗುವುದು, ಆಮೇಲೆ ಆದದ್ದಾಗಲಿ. ನನ್ನದು ಬಾಯಿ ಜೋರು. ಆದರೆ ಅವತ್ತು ಅವನ ಕಣ್ಣು ನೋಡಿ ಸುಮ್ಮನಾದೆ. ಆಯಿಗೆ ಮಾತ್ರ ಈಗಲೇ ಹೇಳಿಬಿಡುತ್ತೇನೆ, ನಾವು ಮನೆ ಮುಟ್ಟುವುದರೊಳಗೆ ಅತ್ತು ಮುಗಿಸಿ ಮುಖ ತೊಳೆದುಕೊಂಡಿರಲಿ ಅಂತ ಅವನು ಫೋನು ತೆಗೆದ. ಇದನ್ನೆಲ್ಲ ಅವನು ಬೆಳಿಗ್ಗೆಯೇ ಯೋಚಿಸಿ ಇಟ್ಟಿದ್ದ. ಇವತ್ತು ಬ್ಲೂಟೂತು ನಿನ್ನ ಕಿವಿಯಲ್ಲೇ ಇರಲಿ ಅಂತ ಆಯಿಗೆ ಹೇಳಿ ಬಂದಿದ್ದನಂತೆ.

ಪಕ್ಕದಲ್ಲಿ ಕಬ್ಬಿನಹಾಲಿನ ಗಾಣ ತಿರುಗುತ್ತಿತ್ತು. ಅಣ್ಣ ಒಂದು ಕಿವಿ ಬೆರಳಿನಿಂದ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತ.

"ಆಯಿ, ಎಂತದೂ ಮಾತಾಡಡ. ಅಪ್ಪ ಅಲ್ಲೇ ಹತ್ರ ಇರ್ತ. ಆನು ಹೇಳದು ಕೇಳಿ ಬರೀ ಹ್ಞೂಂ ಹೇಳು, ಸಾಕು."

ಆ ಕಡೆಯಿಂದ ಹ್ಞೂಂ ಬಂದಿರಬೇಕು. ಅಣ್ಣ ಶುರುಮಾಡಿದ. ಒಂದೊಂದನ್ನೂ ಹೇಳಿದ. ಕಾಯಿಲೆಯ ಹೆಸರು ಹೇಳಿದ. ನಾಲಿಗೆ ತೆಗೆಯುವುದು, ದವಡೆ ಕೊಯ್ಯುವುದು, ಮಾತು ಹೋಗುವುದು, ಎಲ್ಲ ಹೇಳಿದ. ಮಧ್ಯೆ ಮಧ್ಯೆ ನಿಲ್ಲಿಸಿ, ಹ್ಞೂಂ ಕೇಳಿಸಿಕೊಂಡು ಮುಂದುವರಿಸಿದ. ಆಪರೇಶನ್ ಮಾಡಿಸದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಹೇಳಿದ. ಕೊನೆಗೆ ಅವನ ದನಿ ಒಡೆಯಿತು.

"ಅಪ್ಪಂಗೆ ಮಾತ್ರ ಹೇಳಡ. ಗೊತ್ತಾದ್ರೆ ಅವ ಬತ್ನಿಲ್ಲೆ."

ಫೋನಿಟ್ಟು ಕಣ್ಣೊರೆಸಿಕೊಂಡು, ಆಯಿ ಗಟ್ಟಿ ಇದ್ದಾಳೆ, ಒಂದು ಸಲವೂ ಅಳಲಿಲ್ಲ ಅಂದ. ಬಾಯಲ್ಲಿ ಕವಳ ಇತ್ತು ಅಂತ ಕಾಣುತ್ತದೆ, ಹ್ಞೂಂ ಅಂದಳು ಅಷ್ಟೇ. ಕವಳದ ಬಾಯಿಯ ಹ್ಞೂಂ ಆದರೆ ಅದು ಆಯಿಯೇ ಅನ್ನುವುದರಲ್ಲಿ ನನಗೂ ಸಂಶಯ ಬರಲಿಲ್ಲ. ಅಪ್ಪ ಕವಳ ಬಿಟ್ಟು ಆಗಲೇ ಎಷ್ಟೋ ದಿನ ಆಗಿತ್ತಲ್ಲ.

ನಾವು ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅಪ್ಪ ಜಗುಲಿಯಲ್ಲಿ ಪೇಪರು ಹಿಡಿದು ಕೂತಿದ್ದ. ಏನಂತೆ ರಿಪೋರ್ಟು ಅಂತ ಕೇಳಿದ. ಸಣ್ಣದೊಂದು ಗಡ್ಡೆಯಂತೆ, ಹುಬ್ಬಳ್ಳಿಗೆ ಹೋಗಿ ತೆಗೆಸಿಬಿಟ್ಟರೆ ಮುಗೀತು ಅಂತ ಅಣ್ಣ ಪಾಠ ಒಪ್ಪಿಸಿದ. ಯಾವಾಗ ಅಂತ ಅಪ್ಪ ಕೇಳಿದ. ಬರುವ ವಾರ ಅಂದ ಅಣ್ಣ. ಅಪ್ಪ ಪೇಪರಿನ ಹಾಳೆ ತಿರುಗಿಸಿದ. ನನಗೆ ನಿರಾಳ ಆಯಿತು ಅಂದರೆ ಸುಳ್ಳಾಗುತ್ತದೆ. ಆ ಹಾಳೆ ತಿರುಗಿಸಿದ್ದು ಸ್ವಲ್ಪ ಬೇಗ ಆಯಿತು ಅಂತ ಎಲ್ಲೋ ಅನ್ನಿಸಿತು, ಅಷ್ಟೇ.

ಆಯಿ ಹಿತ್ತಿಲಕಡೆ ಒಲೆಗೆ ಬೆಂಕಿ ಹಾಕುತ್ತಿದ್ದಳು. ನಾನು ಹೋಗಿ ಅವಳ ಬೆನ್ನಿನ ಮೇಲೆ ಕೈಯಿಟ್ಟೆ. ಅವಳು ತಿರುಗಿ ನೋಡಿ, ಏನಾಯಿತೇ, ಡಾಕ್ಟರು ಏನಂದರು ಅಂತ ಕೇಳಿದಳು. ಅಣ್ಣ ಫೋನಿನಲ್ಲಿ ಎಲ್ಲ ಹೇಳಿದನಲ್ಲ ಅಂದೆ.

"ಎಂತ ಫೋನೇ? ಯಾವ ಫೋನೂ ಬೈಂದಿಲ್ಲೆ."

ಬ್ಲೂಟೂತು ಎಲ್ಲಿ ಅಂತ ಕೇಳಿದೆ. ದನ ಕಟ್ಟಲು ಹೋಗುವಾಗ ಕಿವಿಗೆ ಕಿರಿಕಿರಿ ಆಗುತ್ತದೆ ಅಂತ ತೆಗೆದು ಕಿಟಕಿಯ ಮೇಲಿಟ್ಟಿದ್ದಳಂತೆ. ಬಂದು ನೋಡಿದರೆ ಅಲ್ಲಿರಲಿಲ್ಲ. ಅಪ್ಪ ಮಾಮೂಲಿನಂತೆ ಹಾಕಿಕೊಂಡಿದ್ದಾನೆ ಅಂದುಕೊಂಡಳಂತೆ. ಅವನು ಆಗ ಎಲ್ಲಿದ್ದ? ಮಾವಿನ ಮರದ ಆಚೆ, ಕಟ್ಟಿಗೆ ರಾಶಿಯ ಹಿಂದೆ ಒಬ್ಬನೇ ಕೂತಿದ್ದನಂತೆ. ಅಲ್ಲಿ ಯಾಕೆ ಕೂತಿದ್ದ? ಆಯಿ ನನ್ನ ಮುಖ ನೋಡಿದಳು. ಕಟ್ಟಿಗೆ ರಾಶಿಯ ಹಿಂದೆ ನೆಲದ ಮೇಲೆ ಕೆಂಪಗೆ ಉಗುಳಿದ್ದನ್ನು ಅವಳು ಆ ವಾರ ಎರಡು ಸಲ ನೋಡಿ ಮಣ್ಣು ಮುಚ್ಚಿದ್ದಳು. ಬಿಡಲಾಗದೆ ಕದ್ದು ಹಾಕುತ್ತಿದ್ದಾನೆ, ಪಾಪ ಅಂತ ನಮಗೆ ಹೇಳಿರಲಿಲ್ಲ. ಹೇಳಿದೆನಲ್ಲ, ಗುಟ್ಟಿನ ಮನೆ.

ಅಲ್ಲೇ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನಾನು ಆಯಿಗೆ ಎಲ್ಲ ಹೇಳಬೇಕಾಯಿತು. ಅವಳು ಸೆರಗನ್ನು ಬಾಯಿಗೆ ತುಂಬಿಕೊಂಡಳು. ಹಂಗಾದರೆ ಅವರಿಗೆ ಗೊತ್ತಾಗಿದೆ ಅಂತ ಅವಳು, ಗೊತ್ತಿಲ್ಲದೆಯೂ ಇರಬಹುದು ಅಂತ ನಾನು. ಬ್ಲೂಟೂತು ಎಲ್ಲೋ ಬಿದ್ದುಕೊಂಡು ತಾನೇ ಫೋನು ಎತ್ತಿಕೊಂಡಿರಬಹುದು, ಅಣ್ಣ ಗಾಣದ ಸದ್ದನ್ನೇ ಹ್ಞೂಂ ಅಂದುಕೊಂಡಿರಬಹುದು. ನಾನು ಹೇಳಿದ್ದನ್ನು ನಾನೇ ನಂಬಲಿಲ್ಲ. ಅಪ್ಪನನ್ನೇ ಕೇಳೋಣವೆಂದರೆ ಹೇಗೆ ಕೇಳುವುದು? ಅಣ್ಣ ಹೇಳಿದ್ದು ನಿನಗೆ ಕೇಳಿತಾ ಅಂತ ಕೇಳಿದರೆ, ಏನು ಹೇಳಿದ್ದು ಅಂತ ಅವನು ಕೇಳುತ್ತಾನೆ. ಅಲ್ಲಿಗೆ ಕತೆ ಮುಗಿಯಿತು. ಅಣ್ಣನಿಗೆ ಹೇಳುವಂತೆಯೂ ಇಲ್ಲ. ಹೆತ್ತಪ್ಪನ ಕಿವಿಗೆ ಈ ಮಾತನ್ನೆಲ್ಲ ತಾನೇ ಹಾಕಿದೆ ಅಂತ ಗೊತ್ತಾದರೆ ಅವನನ್ನು ಹಿಡಿಯುವವರು ಯಾರು? ಹೀಗೆ ಒಂದು ಗುಟ್ಟಿನ ಮೇಲೆ ಇನ್ನೊಂದು ಗುಟ್ಟು ಹೇರಿಕೊಂಡು ನಾನು ಮಾರನೇ ದಿನ ಯಲ್ಲಾಪುರಕ್ಕೆ ಬಂದೆ.

ಅದಾಗಿ ಒಂದೆರಡು ದಿನ ಕಳೆದಿತ್ತು. ಅಣ್ಣ ಸೊಸೈಟಿಯಿಂದ ಫೋನು ಮಾಡಿ, ಅಪ್ಪ ಭಾರೀ ಖುಷಿಯಲ್ಲಿದ್ದಾನೆ, ದಿನವಿಡೀ ಬ್ಲೂಟೂತು ಹಾಕಿಕೊಂಡು ಮಾತೇ ಮಾತು ಅಂದ. ಅವನಿಗೆ ಅದೊಂದು ಸಮಾಧಾನ. ಆಪರೇಶನ್ ಅಂದರೂ ಮುಖ ಬಾಡಲಿಲ್ಲ ನೋಡು, ಹೇಳದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು ಅಂದ. ಅವನ ಮುಗ್ಧತನಕ್ಕೆ ನನಗೆ ಸಿಟ್ಟು ಬಂತು. ಫೋನಿಡು, ಗಿರಾಕಿ ಬಂದರು ಅಂದೆ.

ಬಂದ ಗಿರಾಕಿ ಯಾರು ಅಂದರೆ ಅಪ್ಪನ ಜೊತೆ ಹಿಂದೆ ಕೆಲಸ ಮಾಡಿದ ಒಬ್ಬ ಲೈನ್‌ಮನ್. ಯಲ್ಲಾಪುರದವರೇ. ಯಾವುದೋ ವರ್ಗಾವಣೆಯ ವಿಷಯದಲ್ಲಿ ಅಪ್ಪನಿಗೂ ಅವರಿಗೂ ಜಗಳವಾಗಿ ಮಾತು ಬಿಟ್ಟುಹೋಗಿತ್ತು. ನನ್ನ ಮದುವೆಗೂ ಅವರು ಬಂದಿರಲಿಲ್ಲ. ಅವರು ಅಂಗಡಿಯ ಕಟ್ಟೆಯ ಮೇಲೆ ಕೂತು, ನಿನ್ನೆ ನಿಮ್ಮ ಅಪ್ಪ ಫೋನು ಮಾಡಿದ್ದರು ಅಂದರು. ನನಗೆ ನಂಬಿಕೆ ಬರಲಿಲ್ಲ. ಅರಬೈಲು ಘಟ್ಟದಲ್ಲಿ ಇಬ್ಬರೂ ಒಂದೇ ಕಂಬದ ಮೇಲೆ ಸಿಕ್ಕಿಹಾಕಿಕೊಂಡ ದಿನದಿಂದ ಹಿಡಿದು ಎಲ್ಲವನ್ನೂ ನೆನಪು ಮಾಡಿ ನಗಿಸಿದರಂತೆ. ಇಷ್ಟು ವರ್ಷ ಆದ ಮೇಲೆ ಇವತ್ತೇನು ಇದ್ದಕ್ಕಿದ್ದಂತೆ ಅಂತ ಇವರು ಕೇಳಿದರೆ, ಇನ್ನು ಮುಂದೆ ಮಾತಾಡಲು ಆಗುವುದಿಲ್ಲ, ಅದಕ್ಕೆ ಈಗಲೇ ಮಾತಾಡಿ ಮುಗಿಸಿಬಿಡುವುದು ಅಂದರಂತೆ. ಹಂಗಂದ್ರೇನು ತಂಗಿ, ಹುಷಾರಾಗಿದ್ದಾರಲ್ಲ ಅಂತ ಅವರು ನನ್ನನ್ನೇ ಕೇಳಿದರು. ನಾನು ಕರೆನ್ಸಿ ಕಾರ್ಡುಗಳನ್ನು ಜೋಡಿಸುತ್ತಿದ್ದವಳು ಕೈಬಿಟ್ಟೆ.

ಮಾತಾಡಿ ಮುಗಿಸುವುದು ಅಂದರೆ ಏನು? ಆಪರೇಶನ್ನಿಗೆ ಹೊರಟವನ ಮಾತೋ ಅದು, ಅಥವಾ ಆಪರೇಶನ್ನಿಗೆ ಹೋಗುವುದೇ ಇಲ್ಲ ಅಂತ ಗಟ್ಟಿ ಮಾಡಿಕೊಂಡವನದೋ? ಇಡೀ ದಿನ ಅದೇ ತಲೆಯಲ್ಲಿ. ಗಂಡ ಊಟಕ್ಕೆ ಕರೆದರೆ ಅವನ ಮೇಲೆ ಹರಿಹಾಯ್ದೆ. ಸಂಬಂಧಿಕರೊಬ್ಬರು ಫೋನು ಮಾಡಿ, ಏನೇ, ಅಪ್ಪ ಇವತ್ತು ನಮ್ಮನೆಯಲ್ಲಿ ಎಲ್ಲರ ಹತ್ತಿರವೂ ಮಾತಾಡಿದ, ಹಾಸಿಗೆ ಹಿಡಿದ ಅತ್ತೆಯ ಹತ್ತಿರವೂ ಮಾತಾಡಿದ, ಏನು ವಿಶೇಷ ಅಂದರು. ವಿಶೇಷ ಏನೂ ಇಲ್ಲ ಅಂದೆ.

ಮಾರನೇ ದಿನ ಮಧ್ಯಾಹ್ನ ಆಯಿಯ ಫೋನು. ಅವಳು ಏಣಿ ಹತ್ತುವವಳಲ್ಲ, ಅಷ್ಟಾಗಿ ಗುಂಡಿ ಒತ್ತುವವಳೂ ಅಲ್ಲ. ಪಕ್ಕದ ಮನೆಯವರ ಹುಲ್ಲು ಬೆಳೆಯುವ ಬ್ಯಾಣದ ದಿಬ್ಬಕ್ಕೆ ಹೋಗಿ ಅವರ ಮೊಬೈಲಿನಿಂದ ಮಾಡಿಸಿದ್ದಳು. ಅಪ್ಪ ಅಟ್ಟ ಹತ್ತಿ, ಕಂಬ ಹತ್ತುವಾಗ ಸೊಂಟಕ್ಕೆ ಬಿಗಿಯುತ್ತಿದ್ದ ಹಳೇ ಬೆಲ್ಟು, ಹಗ್ಗ ಎಲ್ಲ ಇಳಿಸಿದ್ದಾನಂತೆ. ಬೆಳಿಗ್ಗೆಯಿಂದ ಅದಕ್ಕೆ ಎಣ್ಣೆ ಹಚ್ಚಿ ಉಜ್ಜುತ್ತಿದ್ದಾನಂತೆ. ಯಾಕೆ ಅಂತ ಕೇಳಿದರೆ, ಬೇಕು ಅಂದನಂತೆ. ಅಣ್ಣ ಎಲ್ಲಿ ಅಂದೆ. ಹುಬ್ಬಳ್ಳಿಗೆ, ಆಸ್ಪತ್ರೆಯಲ್ಲಿ ರೂಮು ಹೇಳಿ ಬರಲು ಹೋಗಿದ್ದ. ನೀನು ಮನೆಗೆ ಹೋಗಿ ಅಪ್ಪನ ಹತ್ತಿರವೇ ಕೂತಿರು, ನಾನು ಬಂದೆ ಅಂದೆ.

ಯಲ್ಲಾಪುರದಿಂದ ಶಿರಸಿಯ ಬಸ್ಸು ಅಷ್ಟು ನಿಧಾನ ಹೋದದ್ದು ನಾನು ಕಂಡಿಲ್ಲ. ಡ್ರೈವರು ದಾರಿಯಲ್ಲಿ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಂಡ. ಶಿರಸಿಯಲ್ಲಿ ಸಿದ್ದಾಪುರದ ಬಸ್ಸು ಹೊರಡುವುದರಲ್ಲಿತ್ತು, ಓಡಿ ಹತ್ತಿದೆ. ಮನೆಯ ಮೊಬೈಲಿಗೆ ಮಾಡುತ್ತಲೇ ಇದ್ದೆ. ಪ್ರತಿ ಸಲವೂ ಬಿಜಿ. ಯಾರೊಡನೆಯೋ ಮಾತಾಡುತ್ತಿದ್ದಾನೆ, ಹಾಗಾದರೆ ಇದ್ದಾನೆ ಅಂತ ಒಂದು ಧೈರ್ಯ. ಆಮೇಲೆ ಒಂದು ಸಲ ಹೊಡಕೊಂಡಿತು, ಯಾರೂ ಎತ್ತಲಿಲ್ಲ. ಮತ್ತೆ ಹೊಡಕೊಂಡಿತು. ಮರದ ಮೇಲೆ ಆ ಡಬ್ಬದೊಳಗೆ ಅದು ಒಂದೇ ಸಮನೆ ಬಡಿದುಕೊಳ್ಳುವುದು ನನ್ನ ಕಣ್ಣಿಗೆ ಕಟ್ಟಿತು. ಕಿಟಕಿಯ ಸರಳು ಹಿಡಿದುಕೊಂಡು ಕೂತೆ. ದೇವರಿಗೆ ಏನೇನು ಹರಕೆ ಹೇಳಿಕೊಂಡೆನೋ ನೆನಪಿಲ್ಲ.

ಬಸ್ಸಿಳಿದು ಬ್ಯಾಣ ದಾಟಿ ಓಡಿದೆ. ಚಪ್ಪಲಿ ಒಂದು ಕಡೆ ಕಿತ್ತುಹೋಯಿತು. ಏರು ಹತ್ತಿದರೆ ನಮ್ಮ ಅಂಗಳ ಕಾಣುತ್ತದೆ. ಕಂಡಿತು. ಮಾವಿನ ಮರದಲ್ಲಿ ಅಪ್ಪ ಇದ್ದ. ಏಣಿಯ ಮೇಲಲ್ಲ, ಏಣಿಗಿಂತ ಎತ್ತರದಲ್ಲಿ, ಮೇಲಿನ ಕವಲಿನಿಂದ ಹಗ್ಗದಲ್ಲಿ ಜೋತುಕೊಂಡಂತೆ, ತಲೆ ಒಂದು ಕಡೆ ವಾಲಿತ್ತು. ನಾನು ಏರಿನಲ್ಲೇ ನಿಂತುಬಿಟ್ಟೆ. ಆಯಿ ಬುಡದಲ್ಲಿ ಕೂತು ಮೇಲೆ ನೋಡುತ್ತಿದ್ದಳು. ಅವಳು ಅಷ್ಟು ಸುಮ್ಮನೆ ಕೂತದ್ದು ಯಾಕೆ ಅಂತ ನನಗೆ ಅರ್ಥ ಆಗುವ ಹೊತ್ತಿಗೆ ಅಪ್ಪನ ನಗು ಕೇಳಿತು.

ಅವನು ಫೋನಿನಲ್ಲಿ ಮಾತಾಡುತ್ತಿದ್ದ. ಸೊಂಟಕ್ಕೆ ಬೆಲ್ಟು ಬಿಗಿದು, ಹಗ್ಗವನ್ನು ಕವಲಿಗೆ ಸುತ್ತಿ, ಹಿಂದಕ್ಕೆ ಒರಗಿ, ಆರಾಮಾಗಿ, ಕಂಬದ ಮೇಲೆ ಕೂತ ಹಾಗೆ. ಕಿವಿಗೂ ಹೆಗಲಿಗೂ ಮಧ್ಯೆ ಮೊಬೈಲು. ದಿನವಿಡೀ ಮಾತಾಡಿ ಮಾತಾಡಿ ಬ್ಲೂಟೂತಿನ ಚಾರ್ಜು ಮಧ್ಯಾಹ್ನವೇ ಮುಗಿದುಹೋಗುತ್ತಿತ್ತಂತೆ. ಅದು ತುಂಬುವವರೆಗೆ ಕಾಯಲು ಅವನಿಗೆ ಪುರಸೊತ್ತಿಲ್ಲ. ನಾನು ಬಸ್ಸಿನಿಂದ ಫೋನು ಮಾಡಿದಾಗ ಅವನು ಚಾ ಕುಡಿಯಲು ಇಳಿದಿದ್ದನಂತೆ, ಅದಕ್ಕೇ ಎತ್ತಿರಲಿಲ್ಲ. ನಾನು ಬುಡಕ್ಕೆ ಬಂದು ನಿಂತು ಇದ್ದಬದ್ದ ಬೈಗುಳವನ್ನೆಲ್ಲ ಬೈದೆ. ಅಪ್ಪನಿಗೆ ಯಾರೂ ಹಾಗೆ ಬೈಯಬಾರದು. ಬೈಯುತ್ತ ಬೈಯುತ್ತ ಅತ್ತುಬಿಟ್ಟೆ.

ಅಪ್ಪ ಫೋನಿನವರಿಗೆ, ಮಗಳು ಬಂದಳು, ಇಡುತ್ತೇನೆ ಅಂದ. ಬೆಲ್ಟು ಬಿಚ್ಚಿ ಇಳಿದು ಬಂದ. ಆಯಿಗೆ ಚಾ ಮಾಡು ಅಂದು ಒಳಗೆ ಕಳಿಸಿದ. ಆಮೇಲೆ ನನ್ನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ ತಾನೂ ಕೂತ. ಹತ್ತಿರದಿಂದ ನೋಡಿದಾಗ ಕೆನ್ನೆ ಒಂದು ಕಡೆ ಬಾತಿತ್ತು. ಮಾತಾಡುವಾಗ ನೋಯುತ್ತಿತ್ತು ಅಂತ ಕಾಣುತ್ತದೆ, ಒಂದೊಂದು ಮಾತಿಗೂ ಕಣ್ಣು ಕಿರಿದಾಗುತ್ತಿತ್ತು.

"ಕೂಸೆ, ಅವತ್ತು ಫೋನು ಎತ್ತಿದ್ದು ಆನೇಯ."

ನಾನು ತಲೆಯಾಡಿಸಿದೆ. ನನಗೆ ಗೊತ್ತು ಅಂತ ಅವನಿಗೂ ಗೊತ್ತಿತ್ತು. ಬಾಯಲ್ಲಿ ಕವಳ ಇತ್ತು, ಕದ್ದು ಹಾಕಿದ್ದೆ, ಉಗುಳಿ ಮಾತಾಡುವುದರೊಳಗೆ ಅಣ್ಣ ಹೇಳತೊಡಗಿದ ಅಂದ. ಒಂದು ಮಾತು ಕೇಳಿದ ಮೇಲೆ ನಿಲ್ಲಿಸು ಅನ್ನಲು ಆಗಲಿಲ್ಲವಂತೆ. ಅವನು ಅಷ್ಟು ಕಷ್ಟಪಟ್ಟು ಹೇಳುತ್ತಿದ್ದಾನೆ, ನಡುವೆ ಕೇಳುತ್ತಿರುವವನು ನಾನು ಅಂತ ತಿಳಿದರೆ ಅಲ್ಲೇ ರಸ್ತೆಯ ಮೇಲೆ ಬೀಳುತ್ತಾನೆ ಅಂತ, ಅವನು ನಿಲ್ಲಿಸಿದಾಗೆಲ್ಲ ಹ್ಞೂಂ ಅನ್ನುತ್ತ ಹೋದೆ ಅಂದ. ಪೂರ್ತಿ ಕೇಳಿದ ಮೇಲೆ ಉಗುಳಿದ್ದು. ಆಮೇಲೆ ಒಂದು ಎಲೆಯನ್ನೂ ಮುಟ್ಟಿಲ್ಲ ಅಂದ.

ಈ ಫೋನುಗಳು ಯಾಕೆ ಅಂತ ನಾನು ಕೇಳಲಿಲ್ಲ. ಅವನೇ ಹೇಳಿದ. ಇನ್ನು ಆಗುವುದಿಲ್ಲವಲ್ಲ, ಯಾರ್ಯಾರ ಹತ್ತಿರ ಬಾಕಿ ಇತ್ತೋ ಎಲ್ಲ ಆಡಿ ಮುಗಿಸಿದೆ. ಯಾರಿಗೂ ವಿಷಯ ಹೇಳಲಿಲ್ಲ. ನಗುವ ಮಾತೇ ಆಡಿದೆ. ನಿನಗೆ ಕೊನೆಗೆ ಮಾಡುವವನಿದ್ದೆ, ನೀನೇ ಬಂದೆ.

ನನಗೆ ಉಳಿದ ಪ್ರಶ್ನೆ ಒಂದೇ. ಕೇಳಲು ಧೈರ್ಯ ಸಾಲದೆ ಬಾವಿಯೊಳಗೆ ನೋಡುತ್ತ ಕೇಳಿದೆ.

"ಹಂಗಾರೆ ಹುಬ್ಬಳ್ಳಿಗೆ ಬತ್ಯ?"

"ಬತ್ತೆ. ಕಿವಿಗೆ ಎಂತ ಆಜಿಲ್ಲೆ. ನಿಂಗ ಎಲ್ಲ ಮಾತಾಡದು ಕೇಳ್ತಲೆ." ಆಮೇಲೆ ನನ್ನ ಮೊಣಕೈ ಹಿಡಿದ. ಹಿಡಿತ ಬಿಗಿಯಾಗಿತ್ತು. "ಆದ್ರೆ ಅಣ್ಣಂಗೆ ಹೇಳಡ. ತಾನೇ ಹೇಳಿದ್ದು ಅಂತ ಗೊತ್ತಾದ್ರೆ ಅವ ತಡ್ಕತ್ನಿಲ್ಲೆ. ಅವ ಹೇಳಿದಂಗೇ ಇರ್ಲಿ. ಸಣ್ಣ ಗಡ್ಡೆ."

ಅವನು ಅಷ್ಟು ಸ್ಪಷ್ಟವಾಗಿ ನನ್ನ ಹತ್ತಿರ ಆಡಿದ್ದು ಅದೇ ಕೊನೆ. ಮರುದಿನದಿಂದ ಬಾವು ಏರಿ ಮಾತು ತೊದಲತೊಡಗಿತು. ಹುಬ್ಬಳ್ಳಿಗೆ ಹೋಗುವ ಗಾಡಿಯಲ್ಲಿ ಅಣ್ಣ ಮುಂದೆ ಕೂತು, ಸಣ್ಣ ಗಡ್ಡೆ ತೆಗೆಸಿಕೊಂಡವರ ಕತೆಗಳನ್ನು ದಾರಿಯುದ್ದಕ್ಕೂ ಹೇಳಿದ. ಎಲ್ಲ ಕಟ್ಟುಕತೆ. ಅಪ್ಪ ಎಲ್ಲಕ್ಕೂ ತಲೆಯಾಡಿಸಿದ. ಆಯಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ನನ್ನ ತುಟಿ ಕಚ್ಚಿಕೊಂಡಿದ್ದೆ. ಗಾಡಿಯಲ್ಲಿ ವಿಷಯ ಗೊತ್ತಿಲ್ಲದವನು ಅಂದರೆ ಅಣ್ಣ ಒಬ್ಬನೇ.

ಅಪ್ಪ ಆಮೇಲೆ ಕೆಲವು ವರ್ಷ ಇದ್ದ. ಈಗ ಇಬ್ಬರೂ ಇಲ್ಲ, ಅಪ್ಪನೂ ಇಲ್ಲ, ಅಣ್ಣನೂ ಇಲ್ಲ, ಅದಕ್ಕೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ಆಪರೇಶನ್ ಆಗಿ ಎಚ್ಚರ ಬಂದ ದಿನವನ್ನು ಮಾತ್ರ ಹೇಳಿ ಮುಗಿಸುತ್ತೇನೆ. ಅಪ್ಪನ ಮುಖದ ಅರ್ಧ ಬಟ್ಟೆಯಲ್ಲಿ ಸುತ್ತಿತ್ತು, ಕಣ್ಣು ಮಾತ್ರ ಕಾಣುತ್ತಿತ್ತು. ಅಣ್ಣ ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತ. ಹೇಗೆ ಹೇಳಬೇಕು ಅಂತ ಹಿಂದಿನ ಮೂರು ದಿನದಿಂದ ನನ್ನೆದುರು ಅಭ್ಯಾಸ ಮಾಡಿದ್ದ. ಅಪ್ಪ, ಗಡ್ಡೆ ನಾವು ಎಣಿಸಿದ್ದಕ್ಕಿಂತ ದೊಡ್ಡದಿತ್ತಂತೆ, ಒಳಗೆ ನೋಡಿದ ಮೇಲೇ ಡಾಕ್ಟರಿಗೂ ಗೊತ್ತಾದದ್ದಂತೆ, ನಾಲಿಗೆ ಸ್ವಲ್ಪ ತೆಗೆಯಬೇಕಾಯಿತಂತೆ ಅಂದ.

ಅಪ್ಪ ಕಣ್ಣು ಅಗಲ ಮಾಡಿದ. ಮೊದಲ ಸಲ ಕೇಳಿದವನ ಹಾಗೆ ಹುಬ್ಬು ಮೇಲೇರಿಸಿ, ಹೌದಾ ಅನ್ನುವಂತೆ ಅಣ್ಣನ ಮುಖವನ್ನು ನೋಡಿದ, ಆಮೇಲೆ ಸೂಜಿ ಚುಚ್ಚಿದ್ದ ಕೈಯನ್ನೆತ್ತಿ ಅವನ ತಲೆಯ ಮೇಲಿಟ್ಟ. ನನ್ನ ಕಡೆ ಒಂದು ಸಲವೂ ನೋಡಲಿಲ್ಲ.